ಪರದೇಶಿಯ ಪುರದರ್ಶನ: ಪೆಟ್ರಾರ್ಕನ ನಗರಯಾತ್ರೆಗಳು

ಕನ್ನಡದಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ನಾಡಿನಿಂದ ಬಂದವನು ಪರದೇಶಿ. ಹೇಳುವವರು ಕೇಳುವವರು ಇಲ್ಲದ ಅನಾಥನೂ ಪರದೇಶಿ. ಲ್ಯಾಟಿನ್ ಭಾಷೆಯ 'ಪೆರೆಗ್ರಿನಸ್' ಎಂಬ ಪದಕ್ಕೂ ಇಂಥದೇ ಒಂದು ಅರ್ಥಪಲ್ಲಟದ ಚರಿತ್ರೆಯಿದೆ. ರೋಮಿನ ಪೌರತ್ವವಿಲ್ಲದ ಹೊರಗಿನವನನ್ನು ಮೊದಲು ಸೂಚಿಸುತ್ತಿದ್ದ ಆ ಪದ ಕಾಲಕ್ರಮದಲ್ಲಿ ಪುಣ್ಯಕ್ಷೇತ್ರಗಳಿಗೆ ನಡೆದು ಹೋಗುವ ಯಾತ್ರಿಕನನ್ನು ಸೂಚಿಸತೊಡಗಿತು. ಹದಿನಾಲ್ಕನೆಯ ಶತಮಾನದ ಇಟಲಿಯ ಕವಿ ಫ್ರಾಂಚೆಸ್ಕೊ ಪೆಟ್ರಾರ್ಕ (1304–1374) ತನ್ನನ್ನು ಕರೆದುಕೊಳ್ಳಲು ಆರಿಸಿಕೊಂಡದ್ದು ಇದೇ ಪದವನ್ನು. ತನಗೆ ಯಾವ ಊರೂ ನೆಲೆಯಾಗಲಿಲ್ಲ, ಕಾಲಿಟ್ಟಲ್ಲೆಲ್ಲ ತಾನು ಹೊರಗಿನವನೇ ಎಂಬ ಭಾವ ಅವನ ಬರವಣಿಗೆಯಲ್ಲಿ ಮತ್ತೆ ಮತ್ತೆ ಮರುಕಳಿಸುತ್ತದೆ. ಹೊರಗಿನವನು ಯಾತ್ರಿಕನಾಗುವ ಬಗೆಯನ್ನು ಅರಿಯಲು ಅವನ ಬಾಳಿಗಿಂತ ಉತ್ತಮವಾದ ನಿದರ್ಶನ ಯುರೋಪಿನ ಸಾಹಿತ್ಯಚರಿತ್ರೆಯಲ್ಲಿ ವಿರಳ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪೆಟ್ರಾರ್ಕನು ಸುನೀತದ ಮೂಲಕ ಪರಿಚಿತನು. ಎಂಟು ಸಾಲು, ಅನಂತರ ಆರು ಸಾಲು ಎಂಬ ವಿಭಜನೆಯುಳ್ಳ ಅವನ ಹದಿನಾಲ್ಕು ಸಾಲಿನ ಪದ್ಯಬಂಧವು ನವೋದಯದ ಕವಿಗಳ ಕೈಯಲ್ಲಿ 'ಅಷ್ಟಷಟ್ಪದಿ' ಎಂಬ ಹೆಸರನ್ನೂ ಪಡೆಯಿತು. ಸಾನೆಟ್ಟನ್ನು ಮೊದಲು ರೂಪಿಸಿದವನು ಅವನಲ್ಲ. ಹದಿಮೂರನೆಯ ಶತಮಾನದ ಸಿಸಿಲಿಯ ಆಸ್ಥಾನಕವಿಗಳು ಅದನ್ನು ಬಳಸಿದ್ದರು. ಲಾರಾ ಎಂಬ ಹೆಣ್ಣನ್ನು ಕುರಿತು ಬರೆದು ಆ ಬಂಧವನ್ನು ಯುರೋಪಿಗೆಲ್ಲ ಆದರ್ಶವಾಗಿಸಿದವನು ಪೆಟ್ರಾರ್ಕ. ಈ ಪ್ರೇಮಕವಿಯ ನೆರಳಿನಲ್ಲಿ ಇನ್ನೊಬ್ಬ ಪೆಟ್ರಾರ್ಕ ಮರೆಯಾಗಿದ್ದಾನೆ. ವ್ಯಾಪಾರಕ್ಕಲ್ಲ, ರಾಯಭಾರಕ್ಕಲ್ಲ, ಹರಕೆ ತೀರಿಸುವುದಕ್ಕೂ ಅಲ್ಲ, ಕೇವಲ ನೋಡುವ ಆಸೆಯಿಂದ ಊರೂರು ತಿರುಗಿ, ಕಂಡದ್ದನ್ನು ಪತ್ರಗಳಲ್ಲಿ ಬರೆದಿಟ್ಟವನು ಅವನು.

ಅವನ ಪರದೇಶಿತನವು ಹುಟ್ಟಿಗಿಂತ ಮೊದಲೇ ಆರಂಭವಾಗಿತ್ತು. ತಂದೆ ಸೆರ್ ಪೆಟ್ರಾಕೊ ಫ್ಲಾರೆನ್ಸ್ ನಗರದಲ್ಲಿ ದಸ್ತಾವೇಜುಗಳನ್ನು ಬರೆಯುವ ನೋಟರಿಯಾಗಿದ್ದನು. ಆ ನಗರವನ್ನು ಸೀಳಿದ್ದ ಬಿಳಿಯ ಮತ್ತು ಕರಿಯ ಪಕ್ಷಗಳ ಕಲಹದಲ್ಲಿ ಬಿಳಿಯರು ಸೋತಾಗ, 1302ರಲ್ಲಿ ಅವನನ್ನು ಗಡೀಪಾರು ಮಾಡಲಾಯಿತು. ಮಹಾಕವಿ ಡಾಂಟೆ ಊರನ್ನು ಕಳೆದುಕೊಂಡದ್ದೂ ಅದೇ ವರ್ಷ. 1304ರ ಜುಲೈ 20ರಂದು ಅರೆಝೋ ಪಟ್ಟಣದಲ್ಲಿ ಪೆಟ್ರಾರ್ಕ ಹುಟ್ಟಿದನು. ಅಂದೇ ಗಡೀಪಾರಾದವರ ಪಡೆಯೊಂದು ಫ್ಲಾರೆನ್ಸನ್ನು ಮರಳಿ ಗೆಲ್ಲಲು ಹೋಗಿ ಸೋತು ಹಿಮ್ಮೆಟ್ಟಿತು. ಏಳು ತಿಂಗಳ ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಕೋಲಿಗೆ ಕಟ್ಟಿ, ಕುದುರೆಯ ಮೇಲೆ ಒಯ್ಯುತ್ತಿದ್ದಾಗ ಅರ್ನೊ ನದಿಯ ಸೆಳವಿನಲ್ಲಿ ಕುದುರೆ ಮುಗ್ಗರಿಸಿ, ಒಯ್ಯುತ್ತಿದ್ದವನೂ ಕೂಸೂ ಮುಳುಗುವಂತಾಗಿತ್ತು. ತನ್ನ ಪತ್ರಸಂಗ್ರಹದ ಮೊದಲ ಪತ್ರದಲ್ಲೇ ಪೆಟ್ರಾರ್ಕ ಈ ಪ್ರಸಂಗವನ್ನು ಹೇಳುತ್ತಾನೆ. ಗಡೀಪಾರಿನಲ್ಲಿ ಗರ್ಭತಳೆದು ಗಡೀಪಾರಿನಲ್ಲೇ ಹುಟ್ಟಿದವನಿಗೆ ಅಲೆದಾಟವೇ ಜಾತಕವಾಯಿತೆಂಬುದು ಅವನ ಇಂಗಿತ.

ಪೋಪರು ರೋಮನ್ನು ತೊರೆದು 1309ರಿಂದ ದಕ್ಷಿಣ ಫ್ರಾನ್ಸಿನ ಆವಿನ್ಯೋನಿನಲ್ಲಿ ನೆಲೆಸಿದ್ದರು. ಉದ್ಯೋಗವನ್ನರಸಿ ಪೆಟ್ರಾಕೊ ಸಂಸಾರಸಮೇತನಾಗಿ ಅಲ್ಲಿಗೆ ಹೊರಟನು. ಮಾರ್ಸೇಲ್ಸಿನ ಹತ್ತಿರ ಹಡಗು ಬಿರುಗಾಳಿಗೆ ಸಿಕ್ಕಿ ಎಲ್ಲರೂ ಪ್ರಾಣಾಪಾಯದಿಂದ ಪಾರಾದರು. ಪೋಪರ ಪರಿವಾರದಿಂದ ಕಿಕ್ಕಿರಿದಿದ್ದ ಆವಿನ್ಯೋನಿನಲ್ಲಿ ಮನೆ ದೊರೆಯದೆ ಹೆಂಡತಿಮಕ್ಕಳನ್ನು ಕಾರ್ಪಾಂತ್ರಾಸ್ ಎಂಬ ಸಣ್ಣ ಊರಿನಲ್ಲಿ ಇರಿಸಬೇಕಾಯಿತು. ಬಾಲಕನು ಅಲ್ಲಿ ಲ್ಯಾಟಿನ್ ಕಲಿತನು; ಗೈಡೊ ಸೆಟ್ಟೆ ಎಂಬ ಸಹಪಾಠಿಯ ಸ್ನೇಹವನ್ನು ಸಂಪಾದಿಸಿದನು. ಮುಂದೆ ಮಾಂಪೆಲಿಯೆ ಮತ್ತು ಬೊಲೊನ್ಯಾಗಳಲ್ಲಿ ತಂದೆಯ ಒತ್ತಾಯಕ್ಕೆ ಕಾನೂನನ್ನು ಓದಿದನು. ಆ ಕಾಲದ ಒಂದು ಘಟನೆಯನ್ನು ಅವನು ಮುಪ್ಪಿನಲ್ಲೂ ಮರೆತಿರಲಿಲ್ಲ. ಕಾನೂನಿನ ಓದಿಗೆ ಅಡ್ಡಿಯೆಂದು ತಂದೆ ಒಮ್ಮೆ ಮಗನು ಬಚ್ಚಿಟ್ಟಿದ್ದ ಕಾವ್ಯಗ್ರಂಥಗಳನ್ನು ಬೆಂಕಿಗೆ ಹಾಕಿದನು. ಹುಡುಗನ ಗೋಳಾಟವನ್ನು ನೋಡಲಾರದೆ ಕರಗಿ, ಅರೆಸುಟ್ಟ ಎರಡು ಹೊತ್ತಗೆಗಳನ್ನು ತಾನೇ ಹೊರಗೆಳೆದು ಕೊಟ್ಟನು. ಒಂದು ವರ್ಜಿಲನದು, ಇನ್ನೊಂದು ಸಿಸೆರೊನ ಅಲಂಕಾರಶಾಸ್ತ್ರ. ಊರಿಲ್ಲದ ಹುಡುಗನಿಗೆ ಉಳಿದ ಆಸ್ತಿ ಅಷ್ಟೇ. ಆ ಎರಡು ಪುಸ್ತಕಗಳೂ ಹುಟ್ಟಿದ್ದು ಪ್ರಾಚೀನ ರೋಮಿನಲ್ಲಿ ಎಂಬುದನ್ನು ಇಲ್ಲಿ ನೆನಪಿಡಬೇಕು; ಅವನ ಮುಂದಿನ ಯಾತ್ರೆಗಳ ದಿಕ್ಕು ಅಲ್ಲಿಯೇ ನಿಶ್ಚಯವಾಯಿತು.

1326ರಲ್ಲಿ ತಂದೆ ತೀರಿಕೊಂಡ ಮೇಲೆ ಪೆಟ್ರಾರ್ಕ ಕಾನೂನನ್ನು ಬಿಟ್ಟನು. 1330ರಲ್ಲಿ ಕಾರ್ಡಿನಲ್ ಜೊವಾನ್ನಿ ಕೊಲೊನ್ನಾನ ಆಶ್ರಯಕ್ಕೆ ಸೇರಿದನು. ರೋಮಿನ ಪ್ರಬಲ ಮನೆತನಕ್ಕೆ ಸೇರಿದ ಈ ಕಾರ್ಡಿನಲ್ಲನ ಅನುಮತಿ ಪಡೆದು 1333ರಲ್ಲಿ ಅವನು ಉತ್ತರಕ್ಕೆ ಹೊರಟನು. ಆಗ ಅವನಿಗೆ ಇನ್ನೂ ಇಪ್ಪತ್ತೊಂಬತ್ತು ತುಂಬಿರಲಿಲ್ಲ. ಮುಂದಿನ ತಲೆಮಾರಿನವರನ್ನು ಉದ್ದೇಶಿಸಿ ಬರೆದ ಆತ್ಮವೃತ್ತಾಂತದ ಪತ್ರದಲ್ಲಿ ಈ ಪ್ರಯಾಣದ ಕಾರಣವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಹಿರಿಯರು ಮೆಚ್ಚಲೆಂದು ಬೇರೆ ನೆಪಗಳನ್ನು ಹೇಳಿದ್ದನಂತೆ. ನಿಜವಾದ ಕಾರಣ ಬಹಳವನ್ನು ನೋಡಬೇಕೆಂಬ ಹಂಬಲ. ಕುತೂಹಲವನ್ನು ಒಂದು ದೋಷವೆಂದೇ ಧರ್ಮೋಪದೇಶಕರು ಎಣಿಸುತ್ತಿದ್ದ ಕಾಲದಲ್ಲಿ ಇಂಥ ಒಪ್ಪಿಗೆ ಸಣ್ಣದಲ್ಲ.

ಪ್ಯಾರಿಸ್ ನಗರವನ್ನು ಅವನು ಪ್ರವೇಶಿಸಿದ್ದು ಪರೀಕ್ಷಕನ ಮನೋಧರ್ಮದಿಂದ. ಆ ನಗರದ ಬಗ್ಗೆ ಕೇಳಿದ ಮಾತುಗಳಲ್ಲಿ ದಿಟವೆಷ್ಟು, ಕಟ್ಟುಕತೆಯೆಷ್ಟು ಎಂದು ತಿಳಿಯಲು ಬಹುಕಾಲ ಅಲ್ಲಿ ತಿರುಗಿದನು; ಹಗಲು ಸಾಲದಾದಾಗ ಇರುಳನ್ನೂ ಸೇರಿಸಿಕೊಂಡನು. ಅಲ್ಲಿಂದ ಘೆಂಟಿಗೆ ಹೋದನು; ಜೂಲಿಯಸ್ ಸೀಸರನೇ ತಮ್ಮ ಊರಿನ ಸ್ಥಾಪಕನೆಂದು ಅಲ್ಲಿನವರು ಹೆಮ್ಮೆಪಡುವುದನ್ನು ಕೇಳಿಸಿಕೊಂಡನು. ಫ್ಲಾಂಡರ್ಸ್ ಮತ್ತು ಬ್ರಬಾಂಟ್ ಸೀಮೆಗಳಲ್ಲಿ ಉಣ್ಣೆ ಹದಮಾಡುವ, ನೇಯುವ ಜನರನ್ನು ಕಂಡನು. ಲಿಯೇಜ್ ಪಟ್ಟಣದಲ್ಲಿ ಗ್ರಂಥಗಳು ಬಹಳ ಇವೆಯೆಂದು ಕೇಳಿ ಜೊತೆಗಾರರನ್ನು ತಡೆದು ನಿಲ್ಲಿಸಿದನು. ಅಲ್ಲಿ ಅವನಿಗೆ ದೊರೆತದ್ದು ಸಿಸೆರೊನ, ಬಹುಕಾಲ ಕಣ್ಮರೆಯಾಗಿದ್ದ, ಒಂದು ಭಾಷಣ. ಆರ್ಕಿಯಸ್ ಎಂಬ ಗ್ರೀಕ್ ಕವಿಯ ರೋಮನ್ ಪೌರತ್ವವನ್ನು ಪ್ರಶ್ನಿಸಿದಾಗ ಆ ಕವಿಯ ಪರವಾಗಿ ಸಿಸೆರೊ ಮಾಡಿದ ವಾದವದು. ಪ್ರತಿಮಾಡಿಕೊಳ್ಳಲು ಕುಳಿತರೆ ಅಷ್ಟು ದೊಡ್ಡ ಊರಿನಲ್ಲಿ ಮಸಿ ಸಿಗುವುದೇ ಕಷ್ಟವಾಯಿತು. ಸಿಕ್ಕಿದ್ದೂ ಕೇಸರಿಯಂತೆ ಹಳದಿಯಾಗಿತ್ತು ಎಂದು ಅವನು ನಗೆಯಾಡಿದ್ದಾನೆ. ಹೊರನಾಡಿನಿಂದ ಬಂದ ಕವಿಯೊಬ್ಬನಿಗೆ ನಗರವು ಏಕೆ ತನ್ನ ಬಾಗಿಲು ತೆರೆಯಬೇಕು ಎಂಬುದೇ ಆ ಭಾಷಣದ ಜೀವಾಳ. ನಾಡಿಲ್ಲದ ಕವಿಯೊಬ್ಬನು ಪರಸ್ಥಳದಲ್ಲಿ ಕುಳಿತು ಹಳದಿ ಮಸಿಯಲ್ಲಿ ಅದನ್ನೇ ಪ್ರತಿಮಾಡಿದನೆಂಬುದು ಚರಿತ್ರೆಯ ಅಪರೂಪದ ಕೂಡುವಿಕೆ.

ಆಖೆನ್ ನಗರದಲ್ಲಿ ಶಾರ್ಲಮೇನ್ ಚಕ್ರವರ್ತಿಯ ಸಮಾಧಿಯನ್ನು ನೋಡಿದನು. ದೇವಾಲಯದ ಪಾದ್ರಿಗಳು ಅಲ್ಲಿ ಅವನಿಗೊಂದು ಐತಿಹ್ಯವನ್ನು ಹೇಳಿದರು. ಚಕ್ರವರ್ತಿಯು ಒಬ್ಬ ಹೆಣ್ಣಿನಲ್ಲಿ ಮೋಹಗೊಂಡು ಅವಳು ಸತ್ತ ಮೇಲೂ ಶವವನ್ನು ಬಿಟ್ಟಿರಲಾರದಾದನಂತೆ. ಒಬ್ಬ ಬಿಷಪ್ಪನು ಅವಳ ನಾಲಗೆಯ ಕೆಳಗಿದ್ದ ಮಣಿಯುಂಗುರವನ್ನು ತೆಗೆದೊಡನೆ ಆ ಮೋಹ ಬಿಷಪ್ಪನ ಕಡೆಗೆ ತಿರುಗಿತಂತೆ. ಅವನು ಉಂಗುರವನ್ನು ಹತ್ತಿರದ ಜೌಗಿಗೆ ಎಸೆದಾಗ ಚಕ್ರವರ್ತಿಯು ಆ ಜೌಗನ್ನೇ ಪ್ರೀತಿಸಿ ಅಲ್ಲಿ ಅರಮನೆ ಕಟ್ಟಿಸಿದನಂತೆ. ಪೆಟ್ರಾರ್ಕ ಕತೆಯನ್ನು ಸೊಗಸಾಗಿ ನಿರೂಪಿಸುತ್ತಾನೆ, ಆದರೆ ನಂಬುವ ಹೊಣೆಯನ್ನು ಹೊರುವುದಿಲ್ಲ. ಐತಿಹ್ಯವನ್ನು ಎಸೆಯದೆ, ಚರಿತ್ರೆಯೆಂದು ಒಪ್ಪಿಕೊಳ್ಳದೆ, ಕೇಳಿದ್ದನ್ನು ಕೇಳಿದ್ದೆಂದೇ ದಾಖಲಿಸುವ ಈ ಎಚ್ಚರ ಸಂಶೋಧಕರಿಗೆ ಇಂದಿಗೂ ಪಾಠವೇ.

ಈ ಪ್ರವಾಸದ ಅತ್ಯಂತ ಜೀವಂತ ಚಿತ್ರವಿರುವುದು ಕಲೋನ್ ನಗರದಿಂದ ಹೊರಟ ಮೇಲೆ ಬರೆದ ಪತ್ರದಲ್ಲಿ. ಜೂನ್ 23, ಸಂತ ಯೋಹಾನನ ಹಬ್ಬದ ಹಿಂದಿನ ದಿನ, ಸೂರ್ಯಾಸ್ತದ ಹೊತ್ತಿಗೆ ಅವನು ಅಲ್ಲಿಗೆ ತಲುಪಿದನು. ಗೆಳೆಯರು ಅವನನ್ನು ಬಿಡಾರಕ್ಕೂ ಹೋಗಗೊಡದೆ ನೇರವಾಗಿ ರೈನ್ ನದಿಯ ದಡಕ್ಕೆ ಕರೆದೊಯ್ದರು. ದಡದ ತುಂಬ ಹೆಂಗಸರು. ಪರಿಮಳದ ಸೊಪ್ಪುಗಳನ್ನು ಧರಿಸಿ, ತೋಳಿನ ಬಟ್ಟೆಯನ್ನು ಮೊಣಕೈಯಿಂದ ಮೇಲಕ್ಕೇರಿಸಿ, ಹರಿಯುವ ನೀರಿನಲ್ಲಿ ಕೈತೋಳುಗಳನ್ನು ತೊಳೆಯುತ್ತ ತಮ್ಮ ಭಾಷೆಯಲ್ಲಿ ಏನನ್ನೋ ಗುಣುಗುಣಿಸುತ್ತಿದ್ದರು. ನದಿಯ ಬಳಿ ಇಷ್ಟು ಜನ ಏಕೆ ನೆರೆದಿದ್ದಾರೆಂದು ಅವನು ಗೆಳೆಯರನ್ನು ಕೇಳಿದ್ದು ವರ್ಜಿಲನ ಮಾತಿನಲ್ಲೇ. ಆದರೆ ಉತ್ತರ ವರ್ಜಿಲನಲ್ಲಿರಲಿಲ್ಲ. ಅದು ಅಲ್ಲಿಯ ಹಳೆಯ ಆಚರಣೆ. ಅಂದು ನದಿಯಲ್ಲಿ ತೊಳೆದುಕೊಂಡರೆ ವರ್ಷದ ಕೇಡೆಲ್ಲ ನೀರಿನೊಡನೆ ಹೋಗಿ ಬಾಳು ಹಸನಾಗುತ್ತದೆಂಬ ನಂಬಿಕೆ, ವಿಶೇಷವಾಗಿ ಹೆಂಗಸರಲ್ಲಿ, ಇತ್ತು. ಪೆಟ್ರಾರ್ಕ ಮುಗುಳ್ನಕ್ಕು, ರೈನ್ ದಡದವರು ಭಾಗ್ಯವಂತರೆಂದನು. ತಮ್ಮ ನಾಡಿನ ಸಂಕಟಗಳನ್ನು ತೊಳೆಯಲು ಪೋ ನದಿಗಾಗಲಿ ಟೈಬರಿಗಾಗಲಿ ಎಂದೂ ಆಗಲಿಲ್ಲವೆಂದು ನಿಟ್ಟುಸಿರಿಟ್ಟನು.

ಕಲೋನಿನಲ್ಲಿ ಇನ್ನೂ ಅಪೂರ್ಣವಾಗಿದ್ದ ಮಹಾದೇವಾಲಯವನ್ನೂ ಅವನು ಕಂಡನು. ಅದರ ಗರ್ಭಭಾಗದ ಪ್ರತಿಷ್ಠೆ 1322ರಲ್ಲಿ ಆಗಿತ್ತು; ಕಟ್ಟಡ ಪೂರ್ಣಗೊಂಡದ್ದು 1880ರಲ್ಲಿ. ಜೂನ್ ತಿಂಗಳ ಕೊನೆಗೆ ಬಿಸಿಲುಧೂಳುಗಳ ನಡುವೆ ಹೊರಟು, ಯುದ್ಧದ ಭಯವಿದ್ದ ಆರ್ಡೆನ್ ಕಾಡನ್ನು ಒಂಟಿಯಾಗಿ ದಾಟಿ ಲಿಯೋನ್ ತಲುಪಿದನು. ಕಾರ್ಡಿನಲ್ಲನ ಸೋದರ ಜಾಕೊಮೊ ಕೊಲೊನ್ನಾನೊಡನೆ ಅಲ್ಲಿಂದ ರೋಮಿಗೆ ಹೋಗುವುದು ಅವನ ಆಸೆಯಾಗಿತ್ತು. ಆದರೆ ಜಾಕೊಮೊ ಅವನಿಗಾಗಿ ಕಾಯದೆ ಹೊರಟುಹೋಗಿದ್ದನು. ಎಳವೆಯಿಂದ ಓದಿನಲ್ಲಿ ಬಾಳಿದ ನಗರ ಹೀಗೆ ಇನ್ನೂ ನಾಲ್ಕು ವರ್ಷ ದೂರವೇ ಉಳಿಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪೆಟ್ರಾರ್ಕ ತನ್ನ ಪತ್ರಗಳನ್ನು ತಾನೇ ಸಂಗ್ರಹಿಸಿ, ತಿದ್ದಿ, ಕ್ರಮಗೊಳಿಸಿದವನು. ಸಂಗ್ರಹದ ಆರಂಭದ ಪತ್ರಗಳಲ್ಲಿ ಹಲವು ಹೇಳಿಕೊಳ್ಳುವ ದಿನಾಂಕಕ್ಕಿಂತ ಬಹಳ ತಡವಾಗಿ ರೂಪುಗೊಂಡವೆಂದು ಜ್ಯುಸೆಪ್ಪೆ ಬಿಲ್ಲನೊವಿಚ್ ಮೊದಲಾದ ವಿದ್ವಾಂಸರು ವಾದಿಸಿದ್ದಾರೆ. ಆದುದರಿಂದ ಇವನ್ನು ದಿನಚರಿಯಂತೆ ಓದಲಾಗದು. ಕಂಡ ಕ್ಷಣಕ್ಕೂ ಬರೆದ ಕ್ಷಣಕ್ಕೂ ನಡುವೆ ಒಂದು ಬಾಳೇ ಸರಿದಿರಬಹುದು. ಆದರೆ ಇದರಿಂದ ಪತ್ರಗಳ ಬೆಲೆ ಕುಗ್ಗುವುದಿಲ್ಲ. ತನ್ನ ಅಲೆದಾಟಕ್ಕೆ ಅವನು ಯಾವ ಅರ್ಥವನ್ನು ಕೊಡಬಯಸಿದನೆಂಬುದಕ್ಕೆ ಅವೇ ನೇರವಾದ ಸಾಕ್ಷ್ಯ.

1337ರ ಆರಂಭದಲ್ಲಿ ಅವನು ಕೊನೆಗೂ ರೋಮನ್ನು ಕಂಡನು. ಒರ್ಸಿನಿ ಮನೆತನದೊಡನೆ ಕೊಲೊನ್ನಾ ಮನೆತನದ ಕಾದಾಟ ನಡೆದಿದ್ದುದರಿಂದ ಕಾಪ್ರಾನಿಕಾದಲ್ಲಿ ತಂಗಬೇಕಾಯಿತು. ನಗರಕ್ಕೆ ಹೋದದ್ದು ನೂರು ಕುದುರೆ ಸವಾರರ ಬೆಂಗಾವಲಿನಲ್ಲಿ. ಅಂದಿನ ರೋಮ್ ತನ್ನ ಕೋಟೆಯೊಳಗೇ ಕುಗ್ಗಿಹೋಗಿತ್ತು. ಸುಮಾರು 19 ಕಿಲೋಮೀಟರ್ ಸುತ್ತಳತೆಯ ಪ್ರಾಚೀನ ಗೋಡೆಯ ಒಳಗೆ ಜನವಸತಿ ಇದ್ದುದು ಕೆಲವೆಡೆ ಮಾತ್ರ. ಉಳಿದದ್ದು ದ್ರಾಕ್ಷಿತೋಟ, ಹೊಲ, ಪಾಳುನೆಲ. ಅಮೃತಶಿಲೆಗಳು ಸುಣ್ಣದ ಗೂಡುಗಳಲ್ಲಿ ಬೇಯುತ್ತಿದ್ದವು. ಪಾಳುಬಿದ್ದ ಊರನ್ನು ಕಣ್ಣಾರೆ ಕಂಡರೆ ಓದಿನಿಂದ ಬಂದ ಅಭಿಮಾನ ಕುಂದೀತೆಂದು ಕಾರ್ಡಿನಲ್ ಅವನಿಗೆ ಮೊದಲೇ ಎಚ್ಚರಿಸಿದ್ದನು. ಪೆಟ್ರಾರ್ಕನಿಗೂ ಆ ಅಂಜಿಕೆ ಇತ್ತು. ಆದರೆ ಕ್ಯಾಪಿಟಲ್ ಬೆಟ್ಟದಿಂದ ಬರೆದ ಸಣ್ಣ ಪತ್ರದಲ್ಲಿ ಅವನು ತಿಳಿಸಿದ್ದು ಬೇರೆಯೇ. ರೋಮ್ ತಾನೆಣಿಸಿದ್ದಕ್ಕಿಂತ ದೊಡ್ಡದು, ಅದರ ಅವಶೇಷಗಳೂ ದೊಡ್ಡವು. ಈ ನಗರ ಲೋಕವನ್ನು ಗೆದ್ದುದು ಸೋಜಿಗವಲ್ಲ, ಅಷ್ಟು ತಡವಾಗಿ ಗೆದ್ದುದೇ ಸೋಜಿಗ ಎಂಬುದು ಅವನ ಉದ್ಗಾರದ ತಾತ್ಪರ್ಯ.

ರೋಮಿನ ಬೀದಿಗಳಲ್ಲಿ ಅವನಿಗೆ ಜೊತೆಯಾದವನು ಡೊಮಿನಿಕನ್ ಪಂಥದ ಸನ್ಯಾಸಿ ಜೊವಾನ್ನಿ ಕೊಲೊನ್ನಾ. ಕಾರ್ಡಿನಲ್ಲನ ಹೆಸರನ್ನೇ ಹೊತ್ತ, ಅದೇ ಮನೆತನದ ಇನ್ನೊಬ್ಬನು. ಅವನಿಗೆ ಅನಂತರ ಬರೆದ ದೀರ್ಘಪತ್ರದಲ್ಲಿ ಪೆಟ್ರಾರ್ಕ ಇಬ್ಬರೂ ನಡೆದಾಡಿದ ತಾಣಗಳನ್ನು ಒಂದೊಂದಾಗಿ ನೆನೆಯುತ್ತಾನೆ. ಇದು ಇವಾಂಡರನ ಅರಮನೆ, ಇದು ಕಾಕಸನ ಗುಹೆ, ಇದು ತೋಳ ಮೊಲೆಯೂಡಿದ ಜಾಗ, ಇದು ರೆಮಸ್ ಹಾರಿದ ಗೋಡೆ. ಮುಂದೆ ಸಾಗಿದಂತೆ ಸೀಸರನ ವಿಜಯ, ಪೀಟರನ ಶಿಲುಬೆ, ಪೌಲನ ವಧಾಸ್ಥಾನ. ಈ ಪಟ್ಟಿಯನ್ನು ಓದುವವರಿಗೆ ಒಂದು ಸಂಗತಿ ಹೊಳೆಯದಿರದು. ಇದರಲ್ಲಿ ಕಣ್ಣಿಗೆ ಕಾಣುವ ವಸ್ತುಗಳಿಗಿಂತ ಕಾಣದ ಘಟನೆಗಳೇ ಹೆಚ್ಚು. ಅವನು ನಡೆದದ್ದು ಕಲ್ಲುಮಣ್ಣಿನ ಮೇಲೆ. ಕಂಡದ್ದು ಲಿವಿ ಮತ್ತು ವರ್ಜಿಲರ ಪುಟಗಳನ್ನು. ರೋಮನ್ನು ಎಲ್ಲರಿಗಿಂತ ಕಡಿಮೆ ಬಲ್ಲವರು ರೋಮಿನವರೇ ಎಂದು ಅವನು ಅದೇ ಪತ್ರದಲ್ಲಿ ಮರುಗುತ್ತಾನೆ.

ದಣಿದ ಮೇಲೆ ಗೆಳೆಯರಿಬ್ಬರೂ ಡಯೊಕ್ಲೀಷಿಯನ್ ಚಕ್ರವರ್ತಿಯ ಸ್ನಾನಗೃಹದ ಅವಶೇಷದ ಚಾವಣಿಯನ್ನೇರಿ ಕುಳಿತುಕೊಳ್ಳುತ್ತಿದ್ದರು. ಅಲ್ಲಿ ಒಳ್ಳೆಯ ಗಾಳಿ, ವಿಶಾಲವಾದ ನೋಟ, ಮೌನ, ಏಕಾಂತ. ಕೆಳಗೆ ಮುರಿದು ಬಿದ್ದ ನಗರ ಹರಡಿರುತ್ತಿತ್ತು. ಮಾತು ಹಳೆಯ ಚರಿತ್ರೆಗೆ ತಿರುಗಿದಾಗ ಪೆಟ್ರಾರ್ಕ ಮುಂದು, ಹೊಸ ಚರಿತ್ರೆಗೆ ತಿರುಗಿದಾಗ ಸನ್ಯಾಸಿ ಮುಂದು. ಹಳತು ಎಂದರೆ ರೋಮನ್ ಚಕ್ರವರ್ತಿಗಳು ಕ್ರಿಸ್ತನ ಹೆಸರನ್ನು ಪೂಜಿಸುವುದಕ್ಕೆ ಮೊದಲಿನದು. ಹೊಸದು ಎಂದರೆ ಅಲ್ಲಿಂದ ತಮ್ಮ ಕಾಲದವರೆಗಿನದು. ಈ ವಿಭಜನೆ ಮೇಲ್ನೋಟಕ್ಕೆ ಸರಳ, ಆದರೆ ಅದರ ಫಲ ದೊಡ್ಡದು. ಕ್ರೈಸ್ತ ಚರಿತ್ರಕಾರರು ಕ್ರಿಸ್ತಪೂರ್ವ ಕಾಲವನ್ನು ಕತ್ತಲೆಯೆಂದು ಬಗೆಯುತ್ತಿದ್ದರು. ಪೆಟ್ರಾರ್ಕ ಪ್ರಾಚೀನ ರೋಮನ್ನು ಬೆಳಕಿನ ಕಾಲವೆಂದು ತಿಳಿದು, ಅದರ ಪತನದಿಂದ ಈಚಿನದನ್ನು ಕತ್ತಲೆಯೆಂದು ಕರೆದನು. ಯುರೋಪಿನ 'ಕತ್ತಲ ಯುಗ' ಎಂಬ ಕಲ್ಪನೆಯ ಬೇರು ಅವನಲ್ಲಿದೆಯೆಂದು ಇತಿಹಾಸಕಾರ ಥಿಯೊಡರ್ ಇ. ಮಾಮ್ಸೆನ್ 1942ರಲ್ಲಿ ಪ್ರತಿಪಾದಿಸಿದನು. ಪಠ್ಯಪುಸ್ತಕಗಳ ಮೂಲಕ ಲೋಕಕ್ಕೆಲ್ಲ ಹರಡಿ, ಭಾರತದ ಚರಿತ್ರೆಗೂ ಯಾಂತ್ರಿಕವಾಗಿ ಅನ್ವಯಗೊಂಡ ಪ್ರಾಚೀನ, ಮಧ್ಯ, ಆಧುನಿಕ ಎಂಬ ಮೂರು ಯುಗಗಳ ಕಟ್ಟಿಗೆ ಈ ಆಲೋಚನೆಯೂ ಒಂದು ಅಡಿಗಲ್ಲು.

ಪುಸ್ತಕದ ಕಣ್ಣು ಅವನನ್ನು ತಪ್ಪುದಾರಿಗೂ ಎಳೆಯಿತು. ರೋಮಿನ ಕೋಟೆಗೋಡೆಗೆ ಸೇರಿಕೊಂಡಿರುವ ಪಿರಮಿಡ್ಡನ್ನು ಅವನು ಜನರ ಮಾತನ್ನು ನಂಬಿ ರೆಮಸನ ಸಮಾಧಿಯೆಂದು ಬರೆದನು. ಅದು ಗಾಯಸ್ ಸೆಸ್ಟಿಯಸ್ ಎಂಬ ಅಧಿಕಾರಿಯ ಸಮಾಧಿ. ಹೆಸರು ಕಲ್ಲಿನಲ್ಲೇ ಕೆತ್ತಲ್ಪಟ್ಟಿದೆ. ಅಷ್ಟು ದೊಡ್ಡ ವಿದ್ವಾಂಸನು ಈ ಶಾಸನವನ್ನು ಕಾಣದೆ ಹೋದನೇ ಎಂದು ಮುಂದಿನ ಶತಮಾನದ ಪೊಜ್ಜೊ ಬ್ರಾಚೊಲಿನಿ ಅಚ್ಚರಿಪಟ್ಟು, ಗಿಡಗಂಟಿಗಳು ಮುಚ್ಚಿದ್ದಿರಬೇಕೆಂದು ರಿಯಾಯಿತಿ ತೋರಿದನು. ಆದರೆ ನೇಪಲ್ಸಿನಲ್ಲಿ ಇದೇ ಪೆಟ್ರಾರ್ಕ ಬೇರೆಯಾಗಿ ನಡೆದುಕೊಂಡನು. ಅಲ್ಲಿ ಬೆಟ್ಟವನ್ನು ಕೊರೆದು ಮಾಡಿದ ಪ್ರಾಚೀನ ಸುರಂಗವೊಂದಿದೆ. ವರ್ಜಿಲನು ಮಂತ್ರಬಲದಿಂದ ಅದನ್ನು ತೋಡಿದನೆಂದು ಜನ ನಂಬಿದ್ದರು. ರಾಜ ರಾಬರ್ಟನು ಈ ಬಗ್ಗೆ ಕೇಳಿದಾಗ, ವರ್ಜಿಲನು ಕಲ್ಲುಕುಟಿಗನಾಗಿದ್ದನೆಂದು ತಾನೆಲ್ಲೂ ಓದಿಲ್ಲವೆಂದು ಅವನು ಹಾಸ್ಯದಿಂದ ಉತ್ತರಿಸಿದನು. ಗೋಡೆಯ ಮೇಲಿರುವುದು ಮಂತ್ರದ ಗುರುತಲ್ಲ, ಉಳಿಯ ಗುರುತು ಎಂದು ರಾಜನೂ ಒಪ್ಪಿದನು. ಒಂದೆಡೆ ಕಲ್ಲಿನ ಬರಹವನ್ನು ಓದದೆ ಹೋದವನು ಇನ್ನೊಂದೆಡೆ ಕಲ್ಲಿನ ಗುರುತನ್ನು ಸರಿಯಾಗಿ ಓದಿದನು. ರೋಮ್ ಅವನಿಗೆ ಬಯಕೆಯ ವಸ್ತು. ಬಯಸಿದ್ದನ್ನು ಪರೀಕ್ಷಿಸುವುದು ಕಷ್ಟ.

1340ರ ಸೆಪ್ಟೆಂಬರ್ 1ರಂದು ಒಂದೇ ದಿನ ಅವನಿಗೆ ಎರಡು ಕರೆಗಳು ಬಂದವು. ಕವಿಯ ಪಟ್ಟವನ್ನು ನೀಡಲು ಪ್ಯಾರಿಸ್ ವಿಶ್ವವಿದ್ಯಾಲಯವೂ ರೋಮಿನ ಸೆನೆಟ್ಟೂ ಆಹ್ವಾನಿಸಿದ್ದವು. ಪ್ಯಾರಿಸ್ ಅಂದಿನ ವಿದ್ಯೆಯ ರಾಜಧಾನಿ. ರೋಮ್ ಒಂದು ನೆನಪು. ಅವನು ನೆನಪನ್ನು ಆರಿಸಿಕೊಂಡನು. 1341ರ ಏಪ್ರಿಲ್ 8ರಂದು ಕ್ಯಾಪಿಟಲ್ ಬೆಟ್ಟದಲ್ಲಿ ಲಾರೆಲ್ ಎಲೆಯ ಕಿರೀಟವನ್ನು ಧರಿಸಿ, ಅದನ್ನು ಸಂತ ಪೀಟರನ ದೇವಾಲಯಕ್ಕೆ ಒಪ್ಪಿಸಿದನು. ಆರು ವರ್ಷಗಳ ತರುವಾಯ ಆ ನೆನಪಿಗೆ ಜೀವ ಬಂದಂತೆ ತೋರಿತು. ಶಾಸನಗಳನ್ನು ಓದಿ ಜನರಿಗೆ ಪ್ರಾಚೀನ ವೈಭವವನ್ನು ವಿವರಿಸುತ್ತಿದ್ದ ಕೋಲಾ ದಿ ರಿಯೆನ್ಝೊ 1347ರಲ್ಲಿ ರೋಮಿನ ಅಧಿಕಾರವನ್ನು ಹಿಡಿದು ಗಣರಾಜ್ಯವನ್ನು ಮರಳಿ ಸಾರಿದನು. ಪೆಟ್ರಾರ್ಕ ಆವೇಶದಿಂದ ಅವನನ್ನು ಬೆಂಬಲಿಸಿ ಬರೆದನು. ನಗರದ ಅಮೃತಶಿಲೆಯ ಕಂಬಗಳನ್ನು ಮಾರಿಕೊಳ್ಳುತ್ತಿದ್ದ ಶ್ರೀಮಂತ ಮನೆತನಗಳನ್ನು ಜರೆದನು. ಆ ಮನೆತನಗಳಲ್ಲಿ ತನಗೆ ಅನ್ನವಿಟ್ಟ ಕೊಲೊನ್ನಾ ಮನೆಯೂ ಒಂದು. ಅದೇ ನವೆಂಬರಿನಲ್ಲಿ ಕೋಲಾನ ಪಡೆಯೊಡನೆ ನಡೆದ ಕದನದಲ್ಲಿ ಕೊಲೊನ್ನಾ ಮನೆಯ ಹಲವರು ಸತ್ತರು. ಕೋಲಾ ನಿರಂಕುಶನಾಗುತ್ತ ಹೋದ ಸುದ್ದಿ ಕೇಳಿ, ರೋಮಿಗೆ ಹೊರಟಿದ್ದ ಪೆಟ್ರಾರ್ಕ ನಡುದಾರಿಯಲ್ಲೇ ನಿಂತನು. ಪುಸ್ತಕದ ರೋಮನ್ನು ಮಣ್ಣಿಗಿಳಿಸುವ ಯತ್ನಕ್ಕೆ ಅವನು ತೆತ್ತ ಬೆಲೆ ಇದು: ಆಶ್ರಯದ ಮನೆಯೂ ಮುರಿಯಿತು, ಕನಸಿನ ನಗರವೂ ಕೈಗೂಡಲಿಲ್ಲ.

ಪೂರ್ವಿಕರ ಊರಾದ ಫ್ಲಾರೆನ್ಸನ್ನು ಅವನು ಮೊದಲ ಬಾರಿಗೆ ನೋಡಿದ್ದು 1350ರಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ. ಜ್ಯೂಬಿಲಿ ವರ್ಷದ ಯಾತ್ರೆಗೆಂದು ರೋಮಿಗೆ ಹೋಗುವ ದಾರಿಯಲ್ಲಿ. ಅಲ್ಲಿ ಬೊಕಾಚೊನ ಸ್ನೇಹ ದೊರೆಯಿತು. ಮುಂದೆ ಜೊತೆಗಾರನ ಕುದುರೆ ಒದ್ದು ಕಾಲಿಗೆ ಪೆಟ್ಟಾಗಿ, ರೋಮಿನಲ್ಲಿ ಬಹಳ ದಿನ ಹಾಸಿಗೆ ಹಿಡಿಯಬೇಕಾಯಿತು. ಹಿಂದಿರುಗುವಾಗ ಅರೆಝೋ ಪಟ್ಟಣದವರು ಅವನನ್ನು ಆದರದಿಂದ ಕರೆದೊಯ್ದು ಅವನು ಹುಟ್ಟಿದ ಮನೆಯನ್ನು ತೋರಿಸಿದರು. ಮನೆಯ ಒಡೆಯ ಅದನ್ನು ಬದಲಾಯಿಸಲು ಹೊರಟಾಗ, ಇದ್ದಂತೆಯೇ ಉಳಿಸಬೇಕೆಂದು ಊರವರು ತಡೆದಿದ್ದರು. ಬಾಳೆಲ್ಲ ಅನ್ಯರ ಸ್ಮಾರಕಗಳನ್ನು ನೋಡುತ್ತ ತಿರುಗಿದವನು ಅಂದು ತನ್ನ ಹುಟ್ಟನ್ನೇ ಪ್ರೇಕ್ಷಣೀಯ ಸ್ಥಳವಾಗಿ ನೋಡಿದನು. ಮರುವರ್ಷ ಫ್ಲಾರೆನ್ಸ್ ನಗರವು ತಂದೆಯ ಆಸ್ತಿಯನ್ನು ಮರಳಿಸಿ, ತನ್ನ ವಿದ್ಯಾಲಯದಲ್ಲಿ ಪೀಠವನ್ನೂ ನೀಡುವುದಾಗಿ ಬೊಕಾಚೊನ ಕೈಯಲ್ಲಿ ಪತ್ರ ಕಳುಹಿಸಿತು. ಅರ್ಧ ಶತಮಾನದ ಗಡೀಪಾರಿಗೆ ಅದು ಪ್ರಾಯಶ್ಚಿತ್ತವಾಗಿತ್ತು. ಪೆಟ್ರಾರ್ಕ ವಿನಯದಿಂದ ಕೃತಜ್ಞತೆ ತಿಳಿಸಿದನು, ಹೋಗಲಿಲ್ಲ. ನಗರವೂ ತನ್ನ ಕೊಡುಗೆಯನ್ನು ಹಿಂತೆಗೆದುಕೊಂಡಿತು. ತಾನು ಎಂದೂ ಬಾಳದಿದ್ದ ಊರಿಗೆ 'ಹಿಂದಿರುಗುವುದು' ಹೇಗೆ? ತಂದೆಯ ಗಡೀಪಾರು ರದ್ದಾಗಬಹುದು, ಮಗನ ಪರದೇಶಿತನ ರದ್ದಾಗುವಂಥದಲ್ಲ.

1358ರಲ್ಲಿ ಗೆಳೆಯನೊಬ್ಬನು ಜೆರುಸಲೆಮಿನ ಯಾತ್ರೆಗೆ ಜೊತೆಯಾಗೆಂದು ಕರೆದನು. ಎಳವೆಯಿಂದ ಸಮುದ್ರಕ್ಕೆ ಹೆದರುತ್ತಿದ್ದ ಪೆಟ್ರಾರ್ಕ ತಾನು ಹೋಗದೆ, ದಾರಿತೋರುವ ಕೈಪಿಡಿಯೊಂದನ್ನು ಮೂರು ದಿನಗಳಲ್ಲಿ ಬರೆದುಕೊಟ್ಟನು. ಅದರ ಹೆಚ್ಚಿನ ಭಾಗವನ್ನು ತುಂಬಿಕೊಂಡಿರುವುದು ಜಿನೋವಾದಿಂದ ನೇಪಲ್ಸಿನವರೆಗಿನ ಇಟಲಿಯ ಕರಾವಳಿ; ಸುರಂಗದ ಪ್ರಸಂಗ ಬರುವುದೂ ಇದರಲ್ಲೇ. ಕಾಣದ ಪುಣ್ಯಭೂಮಿಯ ವಿವರಣೆ ಸಂಕ್ಷಿಪ್ತ. ಕಾಲಿನಿಂದ ನೋಡಿದ್ದಕ್ಕೂ ಓದಿನಿಂದ ನೋಡಿದ್ದಕ್ಕೂ ಇರುವ ಅಂತರವನ್ನು ಕೃತಿಯ ಪ್ರಮಾಣವೇ ತೋರಿಸಿಕೊಡುತ್ತದೆ.

ವಯಸ್ಸಾದಂತೆ ಅವನು ಹಳೆಯ ಊರುಗಳನ್ನು ಎರಡನೆಯ ಬಾರಿ ಕಂಡನು. 1356ರಲ್ಲಿ ಮಿಲಾನಿನ ಒಡೆಯರ ದೂತನಾಗಿ ಚಕ್ರವರ್ತಿ ನಾಲ್ಕನೆಯ ಚಾರ್ಲ್ಸನನ್ನು ಕಾಣಲು ಹೊರಟು, ಬಾಸೆಲಿನಲ್ಲಿ ಒಂದು ತಿಂಗಳು ಕಾದು, ಕೊನೆಗೆ ಪ್ರಾಗ್ ನಗರಕ್ಕೆ ಹೋದನು. ಅದೇ ವರ್ಷದ ಅಕ್ಟೋಬರ್ 18ರಂದು ಭೂಕಂಪವು ಬಾಸೆಲನ್ನು ನೆಲಸಮ ಮಾಡಿತು. 1361ರ ಜನವರಿಯಲ್ಲಿ ಪ್ಯಾರಿಸಿಗೆ ಹೋಗಿ ರಾಜ ಜಾನನ ಮುಂದೆ ಭಾಷಣ ಮಾಡಿದನು. ಇಪ್ಪತ್ತೇಳು ವರ್ಷಗಳ ಹಿಂದೆ ಹಗಲಿರುಳು ತಿರುಗಿದ ಆ ನಗರ ಇಂಗ್ಲಿಷರೊಡನೆ ನಡೆದ ಯುದ್ಧದಿಂದ ಗುರುತು ಸಿಗದಂತಾಗಿತ್ತು. 1367ರಲ್ಲಿ, ಕಾರ್ಪಾಂತ್ರಾಸಿನ ಸಹಪಾಠಿಯೂ ಆಗ ಜಿನೋವಾದ ಆರ್ಚ್‌ಬಿಷಪ್ಪನೂ ಆಗಿದ್ದ ಗೈಡೊ ಸೆಟ್ಟೆಗೆ ಬರೆದ ಪತ್ರದಲ್ಲಿ ಇಬ್ಬರೂ ಕಂಡ ಊರುಗಳನ್ನೆಲ್ಲ ಸಾಲಾಗಿ ನೆನೆದು, ಒಂದೊಂದೂ ಹೇಗೆ ಹಾಳಾಯಿತೆಂದು ಲೆಕ್ಕ ಒಪ್ಪಿಸುತ್ತಾನೆ. ಇದು ಮುದುಕನ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. 1348ರ ಮಹಾಮಾರಿ, ಯುದ್ಧ, ಕೂಲಿಸೈನ್ಯಗಳ ಸುಲಿಗೆ, ಭೂಕಂಪ ಎಲ್ಲವೂ ಆ ನಡುವೆ ನಡೆದಿದ್ದವು. ಪ್ರಾಚೀನ ರೋಮಿನ ಅವಶೇಷಗಳಿಂದ ಕಲಿತ ಕಣ್ಣು ಈಗ ತನ್ನ ಕಾಲದ ನಗರಗಳಲ್ಲೂ ಪಾಳನ್ನು ಗುರುತಿಸತೊಡಗಿತ್ತು. ಚರಿತ್ರೆ ಎಂಬುದು ಹಿಂದೆ ನಡೆದು ಮುಗಿದದ್ದಲ್ಲ, ತನ್ನ ಮೇಲೂ ಹಾದುಹೋಗುತ್ತಿರುವುದೆಂಬ ಅರಿವು ಅದು.

ಪಾದುವಾದ ಸಮೀಪದ ಆರ್ಕ್ವಾ ಎಂಬ ಹಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡು ಅವನು ಕೊನೆಯ ವರ್ಷಗಳನ್ನು ಕಳೆದನು. ಎಪ್ಪತ್ತು ತುಂಬಲು ಒಂದು ದಿನವಿದ್ದಾಗ, 1374ರ ಜುಲೈ 18–19ರ ರಾತ್ರಿ ತೀರಿಕೊಂಡನು. ಅವನ ಗ್ರಂಥಗಳನ್ನು ವೆನಿಸ್ ನಗರಕ್ಕೆ ಕೊಡುವ ಒಪ್ಪಂದ 1362ರಲ್ಲೇ ಆಗಿದ್ದರೂ ಅದು ನೆರವೇರಲಿಲ್ಲ. ಅವುಗಳಲ್ಲಿ ಬಹಳಷ್ಟು ಪಾದುವಾದ ಅರಸರ ಕೈಸೇರಿ, ಪಾವಿಯಾದ ಗ್ರಂಥಾಲಯಕ್ಕೆ ಹೋಗಿ, ಅಲ್ಲಿಂದ ಫ್ರಾನ್ಸಿನ ದೊರೆಯ ಯುದ್ಧದ ಕೊಳ್ಳೆಯಾಗಿ ಪ್ಯಾರಿಸ್ ಸೇರಿದವು. ಅವನ ಟಿಪ್ಪಣಿಗಳಿರುವ ವರ್ಜಿಲನ ಹಸ್ತಪ್ರತಿ ಮಿಲಾನಿನ ಆಂಬ್ರೋಸಿಯಾನಾ ಗ್ರಂಥಭಂಡಾರದಲ್ಲಿದೆ. ಒಡೆಯನಂತೆ ಪುಸ್ತಕಗಳೂ ಊರೂರು ಅಲೆದವು. ಪುಸ್ತಕದ ಮೂಲಕ ನಗರವನ್ನು ನೋಡಿದ ಪೆಟ್ರಾರ್ಕ ಬಹಳವನ್ನು ಕಂಡನು, ಕೆಲವನ್ನು ತಪ್ಪಾಗಿ ಕಂಡನು, ರೋಮಿನ ಬೀದಿಯಲ್ಲಿ ಬಾಳುತ್ತಿದ್ದ ಜನರನ್ನು ಬಹುಮಟ್ಟಿಗೆ ಕಾಣಲೇ ಇಲ್ಲ. ಆದರೆ ಭಾಷೆ ತಿಳಿಯದ ಕಲೋನಿನಲ್ಲಿ, ಒಂದು ಸಂಜೆ, ನದಿಯಲ್ಲಿ ಕೈತೊಳೆಯುತ್ತಿದ್ದ ಹೆಂಗಸರು ಏನು ಮಾಡುತ್ತಿದ್ದಾರೆಂದು ನಿಂತು ಕೇಳಿದನು. ಆರು ನೂರ ತೊಂಬತ್ತು ವರ್ಷಗಳ ಹಿಂದಿನ ಆ ಆಚರಣೆಯನ್ನು ಇಂದಿನ ಓದುಗರು ಇಷ್ಟು ಸ್ಪಷ್ಟವಾಗಿ ಕಾಣಲು ಸಾಧ್ಯವಾದದ್ದು ಆ ಪರದೇಶಿಯ ಒಂದು ಪ್ರಶ್ನೆಯಿಂದ.